ಸೋಲು ಕಲಿಸಿದ ಶ್ರದ್ಧೆ

‘ಶ್ರದ್ಧೆಯಿಂದ ಓದಿರಿ’ ಎಂಬ ಮಾತನ್ನು ನಮ್ಮ ಶಾಲೆಯ ಬಾಲಕ ಬಾಲಿಕೆಯರು ದಿನಕ್ಕೆ ಎಷ್ಟು ಸಲ ಕೇಳುತ್ತಾರೆಂಬುದನ್ನು ಲೆಕ್ಕವಿಟ್ಟವರಿಲ್ಲ. ಮನೆಯಲ್ಲಿ ತಾಯ್ತಂದೆಯರು ಹೇಳುತ್ತಾರೆ. ತರಗತಿಯಲ್ಲಿ ನಾವು ಹೇಳುತ್ತೇವೆ. ವಾರ್ಷಿಕ ಸ್ನೇಹಸಮ್ಮೇಳನಕ್ಕೆ ದಯಮಾಡಿಸಿದ ಅತಿಥಿಗಳೂ ಅದನ್ನೇ ಹೇಳಿ ಹಾರ ಸ್ವೀಕರಿಸಿ ಹೋಗುತ್ತಾರೆ. ಆದರೆ ಶ್ರದ್ಧೆಯೆಂದರೆ ಏನು, ಅದು ಎಲ್ಲಿಂದ ಬರುತ್ತದೆ, ಅದರ ನಿಜವಾದ ಪರೀಕ್ಷೆ ಯಾವಾಗ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ವಿರಳ. ಗೆಲುವು ಕಣ್ಣೆದುರಿಗೆ ಕಾಣುತ್ತಿರುವಾಗ ದುಡಿಯುವುದು ಯಾರಿಗೂ ಕಷ್ಟವಲ್ಲ. ಸೋತ ಮರುದಿನ, ನಾಲ್ಕು ಜನ ನೋಡಿ ನಗುತ್ತಿರುವಾಗ, ಅದೇ ಕೆಲಸಕ್ಕೆ ಮತ್ತೆ ಕೈಹಾಕುವುದು ಹೇಗೆ? ಆ ಬಲವನ್ನು ಮನುಷ್ಯನು ಎಲ್ಲಿಂದ ಪಡೆಯುತ್ತಾನೆ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿವೇಚಿಸೋಣ.

ಇಂಥ ವಿಷಯವನ್ನು ಕುರಿತು ಬರಿಯ ಉಪದೇಶ ಮಾಡಿದರೆ ಪ್ರಯೋಜನವಿಲ್ಲ. ಯಾವುದಾದರೊಂದು ನಿಜ ಸಂಗತಿಯನ್ನು ಹಿಡಿದು, ಎಲ್ಲಿ ಸೋಲಾಯಿತು, ಏಕೆ ಆಯಿತು, ಆಮೇಲೆ ಏನು ಮಾಡಿದರು ಎಂದು ನೋಡುವುದೇ ಮೇಲು. ಅದಕ್ಕಾಗಿ ನಾವು ನಮ್ಮ ದೇಶದ ರಾಕೆಟ್ಟುಗಳ ಕಥೆಯನ್ನು ಆರಿಸಿಕೊಂಡಿದ್ದೇವೆ. ಚಂದ್ರನ ಮೇಲೆ ನಮ್ಮ ನೌಕೆ ಇಳಿದುದನ್ನು ನಿಮ್ಮಲ್ಲಿ ಎಲ್ಲರೂ ಬಲ್ಲಿರಿ. ಆದರೆ ಅದಕ್ಕೆ ಮುಂಚೆ ಎಷ್ಟು ರಾಕೆಟ್ಟುಗಳು ಬಂಗಾಳ ಕೊಲ್ಲಿಯ ನೀರಿನಲ್ಲಿ ಮುಳುಗಿದವೆಂಬುದನ್ನು ಬಲ್ಲವರು ಕಡಿಮೆ.

ಮೊದಲು ರಾಕೆಟ್ಟಿನ ಕೆಲಸವೇನೆಂದು ತಿಳಿಯೋಣ. ದೀಪಾವಳಿಯಲ್ಲಿ ನೀವು ಹಾರಿಸುವ ಬಾಣದ ಬಾಲಕ್ಕೆ ಒಂದು ಕಡ್ಡಿಯನ್ನು ಕಟ್ಟಿರುತ್ತಾರೆ. ಬೆಂಕಿ ಕೆಳಗೆ ಉಗುಳಿದಂತೆ ಬಾಣ ಮೇಲಕ್ಕೆ ಹೋಗುತ್ತದೆ. ಕಡ್ಡಿಯಿಲ್ಲದಿದ್ದರೆ ಅದು ಅಡ್ಡಾದಿಡ್ಡಿಯಾಗಿ ಓಡಿ ಯಾರ ಮೈಮೇಲಾದರೂ ಬಿದ್ದೀತು. ದೊಡ್ಡ ರಾಕೆಟ್ಟಿನ ತತ್ತ್ವವೂ ಇದೇ. ಅದರಲ್ಲಿ ಹಲವು ಹಂತಗಳಿರುತ್ತವೆ. ಒಂದು ಹಂತದ ಇಂಧನ ಉರಿದು ಮುಗಿದೊಡನೆ ಅದು ಕಳಚಿ ಬೀಳಬೇಕು. ಮುಂದಿನ ಹಂತ ಹೊತ್ತಿಕೊಳ್ಳಬೇಕು. ನಡುವೆ ದಿಕ್ಕು ಕದಲಬಾರದು. ಉಪಗ್ರಹವೊಂದು ಭೂಮಿಗೆ ಬೀಳದೆ ಸಮೀಪದ ಕಕ್ಷೆಯಲ್ಲಿ ಸುತ್ತಬೇಕಾದರೆ ಅದಕ್ಕೆ ಸೆಕೆಂಡಿಗೆ ಸುಮಾರು ೮ ಕಿಲೋಮೀಟರು ವೇಗ ಬೇಕು. ಆ ವೇಗದಲ್ಲಿ ಮುಂಬಯಿಯಿಂದ ಪುಣೆಗೆ ಇಪ್ಪತ್ತು ಸೆಕೆಂಡುಗಳಲ್ಲಿ ಹೋಗಿ ಮುಟ್ಟಬಹುದು. ಸಾವಿರಾರು ಭಾಗಗಳಲ್ಲಿ ಒಂದು ಕವಾಟ ಕೈಕೊಟ್ಟರೂ ಸಾಕು, ವರ್ಷಗಟ್ಟಲೆ ಪಟ್ಟ ಶ್ರಮ ನಿಮಿಷಗಳಲ್ಲಿ ಸಮುದ್ರದ ಪಾಲಾಗುತ್ತದೆ. ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೈದು ಬಂದರೂ ಪಾಸು. ರಾಕೆಟ್ಟಿಗೆ ತೊಂಬತ್ತೊಂಬತ್ತು ಬಂದರೂ ನಪಾಸು!

ಈ ಕಥೆಯಲ್ಲಿ ನಮ್ಮ ನಾಡಿನವರೊಬ್ಬರು ಮುಖ್ಯ ಪಾತ್ರ ವಹಿಸಿದ್ದಾರೆ. ಅವರೇ ಉಡುಪಿ ರಾಮಚಂದ್ರ ರಾವ್. ೧೯೩೨ರ ಮಾರ್ಚ್ ೧೦ರಂದು ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಅವರು, ಊರಿನ ಪ್ರಾಥಮಿಕ ಶಾಲೆಯಲ್ಲಿಯೂ ಉಡುಪಿಯ ಹೈಸ್ಕೂಲಿನಲ್ಲಿಯೂ ಕಲಿತು, ಅನಂತಪುರ, ಕಾಶಿಗಳಲ್ಲಿ ಪದವಿಗಳನ್ನು ಪಡೆದು, ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿ ಅವರ ಶಿಷ್ಯರಾಗಿ ಸಂಶೋಧನೆ ನಡೆಸಿದರು. ಹುಟ್ಟೂರನ್ನು ಬಿಟ್ಟು ಪರಭಾಷೆಯ ನಗರಗಳಲ್ಲಿ ವಿದ್ಯೆ ಗಳಿಸಿದವರಲ್ಲಿ ಅವರೂ ಒಬ್ಬರು. ಭಾರತದ ಮೊದಲನೆಯ ಉಪಗ್ರಹವಾದ ಆರ್ಯಭಟವನ್ನು ನಿರ್ಮಿಸುವ ಹೊಣೆ ಅವರ ಹೆಗಲಿಗೆ ಬಂತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ, ತಗಡಿನ ಮಾಡಿನ ಶೆಡ್ಡುಗಳಲ್ಲಿ, ಉಪಗ್ರಹವನ್ನು ಹಿಂದೆಂದೂ ಕಟ್ಟಿ ಅರಿಯದ ತರುಣರು ಅದನ್ನು ಕಟ್ಟಿದರು. ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ದೇಶದ ರಾಕೆಟ್ಟು ಅದನ್ನು ಕಕ್ಷೆಗೆ ಒಯ್ದಿತು. ಆದರೆ ಕೆಲವೇ ದಿನಗಳಲ್ಲಿ, ಅದರೊಳಗಿನ ವೈಜ್ಞಾನಿಕ ಪ್ರಯೋಗಗಳಿಗೆ ವಿದ್ಯುತ್ತನ್ನು ಒದಗಿಸುವ ವ್ಯವಸ್ಥೆ ಕೆಟ್ಟು ಪ್ರಯೋಗಗಳು ನಿಂತವು. ಮೊದಲ ಗೆಲುವಿನಲ್ಲಿಯೂ ಸೋಲಿನ ಒಂದು ತುಣುಕು ಬೆರೆತೇ ಇತ್ತು.

ಉಪಗ್ರಹವೇನೋ ನಮ್ಮದು, ಆದರೆ ಅದನ್ನು ಹೊತ್ತ ರಾಕೆಟ್ಟು ಪರರದು. ಸ್ವಂತ ರಾಕೆಟ್ಟಿನ ಪ್ರಯತ್ನ ಬೇರೆ ಕಡೆ ನಡೆದೇ ಇತ್ತು. ಎಸ್.ಎಲ್.ವಿ.-೩ ಎಂಬ ಆ ವಾಹನಕ್ಕೆ ನಾಲ್ಕು ಹಂತಗಳು. ಅದರ ಯೋಜನೆಗೆ ಎ. ಪಿ. ಜೆ. ಅಬ್ದುಲ್ ಕಲಾಂ ನಿರ್ದೇಶಕರು. ೧೯೭೯ರ ಆಗಸ್ಟ್ ೧೦ರಂದು ಶ್ರೀಹರಿಕೋಟೆಯಿಂದ ಅದು ಮೇಲಕ್ಕೇರಿತು. ಮೊದಲನೆಯ ಹಂತ ಸರಿಯಾಗಿಯೇ ಕೆಲಸ ಮಾಡಿತು. ಎರಡನೆಯದರಲ್ಲಿ ದಿಕ್ಕನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಕೈಕೊಟ್ಟಿತು. ೩೧೭ ಸೆಕೆಂಡುಗಳಲ್ಲಿ ಎಲ್ಲವೂ ಸಮುದ್ರಕ್ಕೆ ಬಿದ್ದಿತು. ಪರಿಶೀಲಿಸಿ ನೋಡಲಾಗಿ, ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳದೆ, ಆ ವ್ಯವಸ್ಥೆಗೆ ಬೇಕಾದ ನೈಟ್ರಿಕ್ ಆಮ್ಲ ಸೋರಿಹೋಗಿತ್ತೆಂದು ತಿಳಿದುಬಂತು.

ಆ ದಿನ ನಡೆದ ಇನ್ನೊಂದು ಸಂಗತಿಯನ್ನು ಕಲಾಂ ಅವರು ತಮ್ಮ ಅನೇಕ ಭಾಷಣಗಳಲ್ಲಿ ನೆನೆದಿದ್ದಾರೆ. ಇಸ್ರೋ ಸಂಸ್ಥೆಗೆ ಆಗ ಸತೀಶ್ ಧವನ್ ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ರಾಕೆಟ್ಟು ಬಿದ್ದ ಮೇಲೆ ಪತ್ರಿಕೆಯವರು ನೆರೆದಿದ್ದರು. ಧವನ್ ಅವರು ಕಲಾಂ ಅವರನ್ನು ಮುಂದೆ ನಿಲ್ಲಿಸಲಿಲ್ಲ. ತಾವೇ ಎದುರಿಗೆ ನಿಂತು ಸೋಲಿನ ಹೊಣೆಯನ್ನು ಹೊತ್ತು, ತಮ್ಮ ತಂಡದಲ್ಲಿ ತಮಗೆ ಪೂರ್ಣ ವಿಶ್ವಾಸವಿದೆಯೆಂದು ಸಾರಿದರು. ಮರುವರ್ಷ, ೧೯೮೦ರ ಜುಲೈ ೧೮ರಂದು, ಅದೇ ಬಗೆಯ ರಾಕೆಟ್ಟು ೩೫ ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಯಲ್ಲಿ ಇರಿಸಿತು. ಆಗ ಮಾತ್ರ ಧವನ್ ಅವರು ಹಿಂದೆ ಸರಿದು, ಪತ್ರಕರ್ತರೊಡನೆ ಮಾತನಾಡಲು ಕಲಾಂ ಅವರನ್ನೇ ಕಳುಹಿದರು. ಸೋಲು ಹಿರಿಯರ ಪಾಲಿಗೆ, ಗೆಲುವು ಕಿರಿಯರ ಪಾಲಿಗೆ! ಕಿರಿಯರಲ್ಲಿ ಶ್ರದ್ಧೆ ಹುಟ್ಟುವುದು ಎಷ್ಟೋ ವೇಳೆ ಇಂಥ ಹಿರಿಯರ ನೆರಳಿನಲ್ಲಿ.

ಇಷ್ಟಕ್ಕೆ ಕಷ್ಟ ಮುಗಿಯಿತೆಂದು ತಿಳಿಯಬಾರದು. ೧೯೮೪ರಲ್ಲಿ ರಾವ್ ಅವರು ಇಸ್ರೋದ ಅಧ್ಯಕ್ಷರಾದರು. ೧೫೦ ಕಿಲೋಗ್ರಾಂ ತೂಕವನ್ನು ಒಯ್ಯಬಲ್ಲ ಎ.ಎಸ್.ಎಲ್.ವಿ. ಎಂಬ ಹೊಸ ವಾಹನ ಸಿದ್ಧವಾಗಿತ್ತು. ಇದರಲ್ಲಿ ನಡುವಿನ ರಾಕೆಟ್ಟಿನ ಎರಡು ಪಕ್ಕಗಳಿಗೆ ಎರಡು ಮೋಟಾರುಗಳನ್ನು ಕಟ್ಟಿದ್ದರು. ಮೊದಲು ಅವು ಉರಿಯಬೇಕು. ಅವು ಮುಗಿಯುತ್ತಿದ್ದಂತೆ ನಡುವಿನದು ಹೊತ್ತಿಕೊಳ್ಳಬೇಕು. ೧೯೮೭ರ ಮಾರ್ಚ್ ೨೪ರಂದು ಪಕ್ಕದವು ಉರಿದು ಮುಗಿದವು. ನಡುವಿನದು ಹೊತ್ತಲೇ ಇಲ್ಲ. ವಾಹನ ಕೊಲ್ಲಿಗೆ ಬಿತ್ತು. ಕಾರಣವನ್ನು ಶೋಧಿಸಿ, ತಿದ್ದಿ, ೧೯೮೮ರ ಜುಲೈ ೧೩ರಂದು ಮತ್ತೆ ಹಾರಿಸಿದರು. ಈ ಸಲ ಹಿಂದಿನ ದೋಷ ಮರುಕಳಿಸಲಿಲ್ಲ, ಹೊಸದೊಂದು ಕಾಣಿಸಿಕೊಂಡಿತು. ಪಕ್ಕದ ಮೋಟಾರುಗಳ ಬಲ ಉಡುಗಿ, ನಡುವಿನದು ಪೂರ್ಣ ಬಲಕ್ಕೆ ಬರುವ ಮುನ್ನಿನ ಆ ಒಂದು ಕ್ಷಣದಲ್ಲಿ, ದಟ್ಟವಾದ ಗಾಳಿಯ ಒತ್ತಡಕ್ಕೆ ಸಿಕ್ಕಿ ವಾಹನ ಹತೋಟಿ ತಪ್ಪಿ ಮುರಿದುಬಿತ್ತು.

ಎರಡು ಸಲ ಹಾರಿಸಿ ಎರಡು ಸಲವೂ ಸೋತ ಸಂಸ್ಥೆಯ ಸ್ಥಿತಿಯನ್ನು ಊಹಿಸಿಕೊಳ್ಳಿರಿ. ಬಡ ದೇಶಕ್ಕೆ ಈ ಉಸಾಬರಿ ಏಕೆ ಎಂದು ಕೇಳುವವರು ಆಗಲೂ ಇದ್ದರು. ಮೂರನೆಯ ಹಾರಾಟಕ್ಕೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಆ ಅವಧಿಯಲ್ಲಿ ವಿಜ್ಞಾನಿಗಳು ಕೈಕಟ್ಟಿ ಕುಳಿತಿರಲಿಲ್ಲ. ಗೊತ್ತುಪಡಿಸಿದ ಹೊತ್ತಿಗೆ ಎಂದು ಗಡಿಯಾರವನ್ನು ನಂಬಿ ನಡುವಿನ ಹಂತವನ್ನು ಹೊತ್ತಿಸುವ ಕ್ರಮವನ್ನು ಬಿಟ್ಟು, ಪಕ್ಕದ ಮೋಟಾರುಗಳ ಬಲ ಇಳಿಯುತ್ತಿರುವುದನ್ನು ವಾಹನವೇ ಅರಿತು ಮುಂದಿನದನ್ನು ಹೊತ್ತಿಸುವಂಥ ಏರ್ಪಾಡನ್ನು ಮಾಡಿದರು. ೧೯೯೨ರ ಮೇ ೨೦ರಂದು ಉಪಗ್ರಹ ಕಕ್ಷೆಯನ್ನು ಸೇರಿತು. ಆದರೆ ಉದ್ದೇಶಿಸಿದ್ದಕ್ಕಿಂತ ಕೆಳಗಿನ ಕಕ್ಷೆ. ೧೯೯೪ರ ಮೇ ೪ರಂದು ನಡೆದ ನಾಲ್ಕನೆಯ ಹಾರಾಟವೇ ಪೂರ್ಣ ಯಶಸ್ವಿಯಾದುದು.

ಈ ನಡುವೆ ಇನ್ನೂ ದೊಡ್ಡದಾದ ಪಿ.ಎಸ್.ಎಲ್.ವಿ. ತಯಾರಾಗಿ ೧೯೯೩ರ ಸೆಪ್ಟೆಂಬರ್ ೨೦ರಂದು ಹಾರಿತು. ಅದೂ ಸೋತಿತು. ಎರಡನೆಯ ಹಂತ ಕಳಚಿ ಮೂರನೆಯದು ಹಿಡಿಯುವಾಗ ವಾಹನ ಓಲಾಡಿತು. ಅದನ್ನು ಸರಿಪಡಿಸಬೇಕಾದ ಗಣಕದ ಕಾರ್ಯಕ್ರಮದಲ್ಲಿ ಒಂದು ತಪ್ಪು ಉಳಿದುಬಿಟ್ಟಿತ್ತು. ಒಂದು ಅಂಕಿ ಮಿತಿ ಮೀರಿದ್ದರಿಂದ ತಪ್ಪು ಆಜ್ಞೆ ಹೊರಟಿತು. ಲೋಹವೆಲ್ಲ ಗಟ್ಟಿ, ಇಂಧನವೆಲ್ಲ ಶುದ್ಧ. ಲೆಕ್ಕದ ಒಂದು ಸಾಲು ಮಾತ್ರ ತಪ್ಪು! ತಪ್ಪನ್ನು ತಿದ್ದಿ ೧೯೯೪ರ ಅಕ್ಟೋಬರ್ ೧೫ರಂದು ಹಾರಿಸಿದಾಗ ಪಿ.ಎಸ್.ಎಲ್.ವಿ. ಗೆದ್ದಿತು. ಮುಂದೆ ೨೦೦೮ರಲ್ಲಿ ಚಂದ್ರಯಾನ-೧ನ್ನೂ ೨೦೧೩ರಲ್ಲಿ ಮಂಗಳ ಗ್ರಹದ ನೌಕೆಯನ್ನೂ ಹೊತ್ತುಹೋದದ್ದು ಇದೇ ಜಾತಿಯ ವಾಹನ.

ಇಲ್ಲಿ ತಾರೀಖುಗಳನ್ನು ತುಸು ಗಮನಿಸಬೇಕು. ರಾವ್ ಅವರು ಅಧ್ಯಕ್ಷಸ್ಥಾನದಿಂದ ನಿವೃತ್ತರಾದದ್ದು ೧೯೯೪ರ ಮಾರ್ಚ್ ತಿಂಗಳಲ್ಲಿ. ಎ.ಎಸ್.ಎಲ್.ವಿ.ಯ ಎರಡು ಸೋಲುಗಳೂ ಪಿ.ಎಸ್.ಎಲ್.ವಿ.ಯ ಮೊದಲನೆಯ ಸೋಲೂ ಅವರ ಕಾಲದಲ್ಲಿಯೇ ಆದವು. ಆ ಎರಡು ವಾಹನಗಳ ಪೂರ್ಣ ವಿಜಯಗಳು ಬಂದುದು ಅವರು ಆ ಪೀಠವನ್ನು ಬಿಟ್ಟ ಮೇಲೆ. ಸಸಿಗೆ ನೀರೆರೆದವರು ಒಬ್ಬರು, ಹಣ್ಣು ಕಂಡುದು ಇನ್ನೊಬ್ಬರ ಕಾಲದಲ್ಲಿ. ಆದರೂ ಅವರು ವಿಜ್ಞಾನದ ಕೆಲಸವನ್ನು ಬಿಡಲಿಲ್ಲ. ೨೦೧೭ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲಿಯೇ ಮಗ್ನರಾಗಿದ್ದರು. ಫಲ ತನ್ನ ಕೈಗೇ ಸಿಕ್ಕಬೇಕೆಂಬ ಆತುರವಿಲ್ಲದ ದುಡಿಮೆಯನ್ನೇ ನಮ್ಮ ಹಿರಿಯರು ಶ್ರದ್ಧೆಯೆಂದು ಕರೆದರೆಂದು ನಮಗೆ ತೋರುತ್ತದೆ.

ಇನ್ನು ಹೊರಗಿನಿಂದ ಬಂದ ಅಡ್ಡಿಯ ಮಾತು. ಭಾರವಾದ ಉಪಗ್ರಹಗಳನ್ನು ಎತ್ತಲು ಅತಿಶೀತಲ ಸ್ಥಿತಿಯ ದ್ರವ ಜಲಜನಕ, ದ್ರವ ಆಮ್ಲಜನಕಗಳನ್ನು ಉರಿಸುವ ಯಂತ್ರ ಬೇಕು. ಅದನ್ನು ಕಟ್ಟುವ ವಿದ್ಯೆಯನ್ನು ರಷ್ಯಾ ನಮಗೆ ಕಲಿಸಬೇಕೆಂದು ಒಪ್ಪಂದವಾಗಿತ್ತು. ಅಮೆರಿಕೆಯ ಒತ್ತಾಯದಿಂದಾಗಿ ೧೯೯೩ರಲ್ಲಿ ಅದು ತಪ್ಪಿತು. ಸಿದ್ಧವಾದ ಕೆಲವು ಯಂತ್ರಗಳು ಮಾತ್ರ ದೊರೆತವು, ವಿದ್ಯೆ ದೊರೆಯಲಿಲ್ಲ. ಕೊಡುವವರಿಲ್ಲದ ವಿದ್ಯೆಯನ್ನು ನಮ್ಮವರು ತಾವೇ ಸಾಧಿಸಹೊರಟರು. ೨೦೧೦ರ ಏಪ್ರಿಲ್ ೧೫ರಂದು ಸ್ವದೇಶೀ ಯಂತ್ರವನ್ನು ಹೊತ್ತ ಮೊದಲನೆಯ ವಾಹನ ಸಮುದ್ರಕ್ಕೆ ಬಿತ್ತು. ೨೦೧೩ರ ಆಗಸ್ಟಿನಲ್ಲಿ ಮತ್ತೆ ಸಿದ್ಧಮಾಡಿ ನಿಲ್ಲಿಸಿದಾಗ, ಹಾರಲು ಒಂದೂಕಾಲು ಗಂಟೆ ಉಳಿದಿರುವಂತೆ ಇಂಧನ ಸೋರುತ್ತಿರುವುದು ಕಣ್ಣಿಗೆ ಬಿತ್ತು. ಹಾರಾಟವನ್ನು ಅಲ್ಲಿಯೇ ನಿಲ್ಲಿಸಿದರು. ನಿಲ್ಲಿಸುವುದಕ್ಕೂ ಧೈರ್ಯ ಬೇಕು. ೨೦೧೪ರ ಜನವರಿ ೫ರಂದು ಆ ವಾಹನ ಯಶಸ್ವಿಯಾಯಿತು. ವಿದ್ಯೆ ನಿರಾಕರಿಸಲ್ಪಟ್ಟ ದಿನದಿಂದ ಅಲ್ಲಿಗೆ ಇಪ್ಪತ್ತು ವರ್ಷ ಸಂದಿತ್ತು.

ಕೊನೆಯದಾಗಿ ಚಂದ್ರನ ಕಥೆ. ೨೦೧೯ರ ಸೆಪ್ಟೆಂಬರ್ ೭ರ ನಡುರಾತ್ರಿಯ ತರುವಾಯ ಚಂದ್ರಯಾನ-೨ರ ವಿಕ್ರಮ್ ನೌಕೆ ಚಂದ್ರನ ನೆಲದತ್ತ ಇಳಿಯುತ್ತಿದ್ದುದನ್ನು ದೇಶವೇ ಎಚ್ಚರವಿದ್ದು ನೋಡಿತು. ನೆಲಕ್ಕೆ ಸುಮಾರು ೨ ಕಿಲೋಮೀಟರು ಉಳಿದಿರುವಾಗ ಸಂಪರ್ಕ ಕಡಿಯಿತು. ನೌಕೆ ರಭಸದಿಂದ ಅಪ್ಪಳಿಸಿತು. ಏಕೆ? ಅದರ ಐದು ಯಂತ್ರಗಳು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಬಲವನ್ನು ಕೊಟ್ಟವು. ಅದರಿಂದಾದ ಸಣ್ಣ ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಸೇರಿ ಬೆಳೆದವು. ಅವನ್ನೆಲ್ಲ ಒಮ್ಮೆಗೇ ತಿದ್ದಿಕೊಳ್ಳಲು ನೌಕೆ ವೇಗವಾಗಿ ತಿರುಗಬೇಕಾಗಿತ್ತು. ಅಷ್ಟು ವೇಗಕ್ಕೆ ಅದರ ಕಾರ್ಯಕ್ರಮದಲ್ಲಿ ಅವಕಾಶವಿರಲಿಲ್ಲ. ಇಳಿಯಲು ಗೊತ್ತುಮಾಡಿದ ಜಾಗವೂ ಕೇವಲ ೫೦೦ ಮೀಟರು ಉದ್ದ, ೫೦೦ ಮೀಟರು ಅಗಲವಾಗಿತ್ತು.

ಚಂದ್ರಯಾನ-೩ನ್ನು ರೂಪಿಸಿದವರು ಯಾವುದು ಸರಿಯಾಗಿ ನಡೆದೀತೆಂದು ಯೋಚಿಸಿದಷ್ಟಕ್ಕೆ ನಿಲ್ಲದೆ, ಏನೇನು ಕೆಡಬಹುದು, ಕೆಟ್ಟರೂ ನೌಕೆ ಇಳಿಯುವುದು ಹೇಗೆ ಎಂಬುದರಿಂದಲೇ ಆರಂಭಿಸಿದರು. ಐದು ಯಂತ್ರಗಳ ಬದಲು ನಾಲ್ಕನ್ನಿಟ್ಟರು, ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, ಇಳಿಯುವ ಜಾಗವನ್ನು ೪ ಕಿಲೋಮೀಟರು ಉದ್ದ, ಸುಮಾರು ಎರಡೂವರೆ ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರು. ಆ ಜಾಗವನ್ನು ಆರಿಸಲು ನೆರವಾದವು ಯಾವ ಚಿತ್ರಗಳು ಬಲ್ಲಿರಾ? ಸೋತಿತೆಂದು ಜನ ತಿಳಿದಿದ್ದ ಚಂದ್ರಯಾನ-೨ರ ಸುತ್ತುನೌಕೆ ಚಂದ್ರನ ಕಕ್ಷೆಯಲ್ಲಿ ಸುತ್ತುತ್ತಲೇ ಇದ್ದು ತೆಗೆದ ಚಿತ್ರಗಳು. ೨೦೨೩ರ ಆಗಸ್ಟ್ ೨೩ರ ಸಂಜೆ ೬ ಗಂಟೆ ದಾಟಿ ಮೂರು ನಿಮಿಷಕ್ಕೆ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪದ ನೆಲವನ್ನು ಮೆಲ್ಲಗೆ ಮುಟ್ಟಿತು. ಅದರ ಆಜ್ಞಾಕೇಂದ್ರ ಇದ್ದುದು ಬೆಂಗಳೂರಿನ ಅದೇ ಪೀಣ್ಯದಲ್ಲಿ.

ಇಷ್ಟಾದರೂ ಸೋಲು ಮುಗಿಯಿತೆಂದಲ್ಲ. ೨೦೨೫ರ ಮೇ ೧೮ರಂದು, ದಶಕಗಳ ಅನುಭವವುಳ್ಳ ಪಿ.ಎಸ್.ಎಲ್.ವಿ.ಯ ಮೂರನೆಯ ಹಂತದಲ್ಲಿ ಒತ್ತಡ ಕುಸಿದು ಒಂದು ಉಪಗ್ರಹ ನಷ್ಟವಾಯಿತು. ಸೋಲೆಂಬುದು ಒಮ್ಮೆ ದಾಟಿ ಮರೆತುಬಿಡುವ ಹೊಳೆಯಲ್ಲ. ಕೆಲಸ ಮಾಡುವವನ ಜೊತೆಯಲ್ಲಿಯೇ ನಡೆಯುವ ದಾರಿಹೋಕ.

ಈ ಕಥೆಯಿಂದ ನಮಗೆ ತಿಳಿಯುವುದೇನು? ಹಠ ಬೇರೆ, ಶ್ರದ್ಧೆ ಬೇರೆ ಎಂಬುದು ಮೊದಲನೆಯದು. ಹಠಮಾರಿಯು ಬಿದ್ದ ಹಾದಿಯಲ್ಲಿಯೇ ಮತ್ತೆ ಓಡಿ ಮತ್ತೆ ಬೀಳುತ್ತಾನೆ. ಶ್ರದ್ಧಾವಂತನು ಬಿದ್ದ ಜಾಗದಲ್ಲಿ ಕುಳಿತು ಕಾಲಿಗೆ ತಗುಲಿದ ಕಲ್ಲು ಯಾವುದೆಂದು ಹುಡುಕುತ್ತಾನೆ. ಪ್ರತಿಯೊಂದು ಸೋಲಿಗೂ ಒಂದು ಕಾರಣವಿದೆ, ಹುಡುಕಿದರೆ ಅದು ಸಿಕ್ಕುತ್ತದೆ, ಸಿಕ್ಕಿದ್ದನ್ನು ತಿದ್ದಬಹುದು ಎಂಬ ಅಚಲವಾದ ನಂಬಿಕೆಯೇ ಶ್ರದ್ಧೆ. ದೇವರಲ್ಲಿ ಭಕ್ತಿಯುಳ್ಳವನಿಗೆ ಈ ನಂಬಿಕೆ ಇನ್ನಷ್ಟು ಬಲ ತಂದೀತು. ಆದರೆ ಕಾರಣವನ್ನು ಹುಡುಕುವ ಶ್ರಮದಿಂದ ಯಾವ ದೇವರೂ ಯಾರಿಗೂ ವಿನಾಯಿತಿ ಕೊಟ್ಟಿಲ್ಲ.

ವಿದ್ಯಾರ್ಥಿಮಿತ್ರರೇ, ಇದನ್ನು ನಿಮ್ಮ ಜೀವನಕ್ಕೆ ಹೊಂದಿಸಿ ನೋಡಿರಿ. ಉತ್ತರಪತ್ರಿಕೆಗಳನ್ನು ಹಿಂದಿರುಗಿಸಿದಾಗ ಹೆಚ್ಚಿನವರು ಮೊದಲ ಪುಟದ ಅಂಕವನ್ನು ನೋಡಿ, ಕಡಿಮೆಯಿದ್ದರೆ ಪತ್ರಿಕೆಯನ್ನು ಮಡಚಿ ಚೀಲಕ್ಕೆ ತುರುಕುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಒಳಗಿನ ಕೆಂಪು ಗುರುತುಗಳನ್ನು ಓದುವವರು ತೀರ ಕಡಿಮೆ. ‘ಗಣಿತ ನನ್ನ ಹಣೆಯಲ್ಲಿ ಬರೆದಿಲ್ಲ’ ಎಂದು ಹೇಳುವ ಹುಡುಗನು ಆ ಪುಟಗಳನ್ನು ತೆರೆದು ನೋಡಿದರೆ, ತಪ್ಪಾದ ಹತ್ತು ಲೆಕ್ಕಗಳಲ್ಲಿ ಆರು ಋಣಚಿಹ್ನೆಯನ್ನು ಮರೆತದ್ದರಿಂದ ಆದವೆಂದು ಕಂಡೀತು. ಆಗ ಅವನ ವೈರಿ ಗಣಿತವಲ್ಲ, ಒಂದು ಚಿಕ್ಕ ಗೆರೆ! ಅದನ್ನು ತಿದ್ದಿಕೊಂಡ ಮೇಲೆ ಮುಂದಿನ ಪರೀಕ್ಷೆಯಲ್ಲಿ ಬೇರೊಂದು ತಪ್ಪು ತಲೆದೋರಬಹುದು. ಎ.ಎಸ್.ಎಲ್.ವಿ.ಗೂ ಹಾಗೆಯೇ ಆಯಿತಲ್ಲವೆ?

ನಗರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ನಿಮಗೆ ಇನ್ನೊಂದು ಮಾತು ವಿಶೇಷವಾಗಿ ಸಲ್ಲುತ್ತದೆ. ರಾಕೆಟ್ಟಿಗೆ ಹೆಚ್ಚಿನ ಅಪಾಯ ಒಂದು ಹಂತ ಮುಗಿದು ಇನ್ನೊಂದು ಆರಂಭವಾಗುವ ನಡುವಣ ಕ್ಷಣದಲ್ಲಿ ಎಂಬುದನ್ನು ಮೇಲೆ ಕಂಡೆವು. ನಿಮಗೂ ಅಂಥದೊಂದು ಕ್ಷಣವುಂಟು. ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಕಾಲಿಟ್ಟಾಗ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕಲಿತದ್ದೆಲ್ಲ ವ್ಯರ್ಥವಾಯಿತೇನೋ ಎಂದು ಮೊದಲ ತಿಂಗಳುಗಳಲ್ಲಿ ಕಂಗಾಲಾಗುವವರಿದ್ದಾರೆ. ಅಲ್ಲಿಯೇ ಓದು ಬಿಟ್ಟು ದುಡಿಮೆಗೆ ಹೋದವರೂ ಇದ್ದಾರೆ. ಅದು ಬುದ್ಧಿಯ ಕೊರತೆಯಲ್ಲ, ಹಂತ ಬದಲಾಗುವ ಕ್ಷಣದ ಓಲಾಟ. ಹಿಂದಿನ ಹಂತ ಉರಿದು ಮುಗಿಯುವ ಮೊದಲೇ ಮುಂದಿನದನ್ನು ಹೊತ್ತಿಸುವುದೇ ಅದಕ್ಕೆ ಮದ್ದು. ವಿಜ್ಞಾನವನ್ನೂ ಗಣಿತವನ್ನೂ ಕನ್ನಡದಲ್ಲಿ ಚೆನ್ನಾಗಿ ಅರ್ಥಮಾಡಿಕೊಳ್ಳಿರಿ. ಒಂಬತ್ತು, ಹತ್ತನೆಯ ತರಗತಿಗಳಲ್ಲಿಯೇ ದಿನಕ್ಕೆ ಐದು ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪವನ್ನು ಬರೆದಿಟ್ಟುಕೊಳ್ಳಿರಿ. ಇನ್ನೂರು ದಿನಗಳಲ್ಲಿ ಸಾವಿರ ಪದಗಳಾಗುತ್ತವೆ. ಅರ್ಥ ತಿಳಿದವನಿಗೆ ಹೆಸರು ಕಲಿಯುವುದು ಕಷ್ಟವಲ್ಲ.

ಪಾಲಕರಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ನಮ್ಮದೊಂದು ವಿನಂತಿ. ಮಗು ಸೋತು ಮನೆಗೆ ಬಂದ ದಿನ ಅದರ ಮುಂದೆ ನಿಲ್ಲುವವರು ನಾವಾಗಬೇಕು. ಗೆದ್ದ ದಿನ ಹಿಂದೆ ಸರಿದು ನಿಲ್ಲಬೇಕು. ಚಿಕ್ಕ ಖೋಲಿಯಲ್ಲಿ, ಇಕ್ಕಟ್ಟಿನಲ್ಲಿ, ಗದ್ದಲದ ನಡುವೆ ಓದುವ ಮಕ್ಕಳಿಗೆ ನಾವು ಕೊಡಬಹುದಾದ ದೊಡ್ಡ ಆಸರೆ ಅದೇ.

ವಿದ್ಯಾರ್ಥಿಗಳೇ, ಮುಂದಿನ ಉತ್ತರಪತ್ರಿಕೆ ನಿಮ್ಮ ಕೈಗೆ ಬಂದಾಗ ಅದನ್ನು ಮಡಚಬೇಡಿರಿ. ತೆರೆದು ಕೊನೆಯ ಪುಟದವರೆಗೂ ಓದಿರಿ. ಮುಂದಿನ ಗೆಲುವಿಗೆ ಬೇಕಾದುದು ಅದರಲ್ಲಿಯೇ ಬರೆದಿರುತ್ತದೆ.